ನಮ್ಮ ಬೀದಿಯ ನಡುವೆ ವಾರ್ಡ್ ಗೆರೆ: ಆಕ್ಷೇಪಣೆ ಹೇಗೆ ಬರೆಯೋದು?

ಸಂಪಿಗೆಮರ · 4 ಅಕ್ಟೋಬರ್ 2025

ವಾರ್ಡ್ ವಿಂಗಡಣೆಯ ಕರಡು ಬಂದಾಗಿನಿಂದ ನಮ್ಮ ಬೀದಿಯಲ್ಲಿ ಇದೇ ಮಾತು. ಬೆಂಗಳೂರಿನ ಐದು ಹೊಸ ಪಾಲಿಕೆಗಳಿಗೆ ಒಟ್ಟು 368 ವಾರ್ಡ್ ಅಂತ ಸೆಪ್ಟೆಂಬರ್ ಕೊನೆಗೆ ಪ್ರಕಟಿಸಿದರಲ್ಲ, ಅದರಲ್ಲಿ ನಮ್ಮ ಅಡ್ಡರಸ್ತೆಯ ನಡುವೆಯೇ ಗೆರೆ ಹೋಗಿದೆ. ಬೆಸ ಸಂಖ್ಯೆಯ ಮನೆಗಳು ಒಂದು ವಾರ್ಡ್, ಸಮ ಸಂಖ್ಯೆಯವು ಇನ್ನೊಂದು. ಇದು 30 ಅಡಿ ರಸ್ತೆ ಅಷ್ಟೇ, ಮೇನ್ ರೋಡ್ ಏನಲ್ಲ. ನಮ್ಮ ಗೇಟಿನ ಸಂಪಿಗೆ ಮರ ಒಂದು ವಾರ್ಡ್‌ನಲ್ಲಿದೆ, ಹೂವು ಬೀಳುವುದು ಪಕ್ಕದ ವಾರ್ಡ್‌ಗೆ.

ಇವತ್ತು ಬೆಳಿಗ್ಗೆ ಆ ಪುಟದ ಪ್ರಿಂಟ್ ಹಿಡಿದು ಗೆರೆಯ ಮೇಲೇ ನಡೆದು ನೋಡಿದೆ. ಚಕ್ಕುಬಂದಿಯಲ್ಲಿ, ಅಂದರೆ ವಾರ್ಡಿನ ಗಡಿ ವಿವರದಲ್ಲಿ, ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ) ಹಿಡಿದು ಹೋಗಿ 6ನೇ ಅಡ್ಡರಸ್ತೆ ಸೇರಬೇಕು ಅಂತಿದೆ. ನಮ್ಮಲ್ಲಿ 6ನೇ ಅಡ್ಡರಸ್ತೆ ಎರಡಿವೆ! ಕಾಲುವೆಗೆ ಚಪ್ಪಡಿ ಮುಚ್ಚಿ ಎಷ್ಟೋ ವರ್ಷ ಆಯ್ತು, ಅದರ ಮೇಲೆ ಎಳನೀರು ಗಾಡಿ ನಿಲ್ಲುತ್ತದೆ. ಕಾಲುವೆ ಎಲ್ಲಿ ತಿರುಗುತ್ತೆ ಅಂತ ಎಳನೀರಿನವನನ್ನೇ ಕೇಳಿದೆ. ಅವನು ಮಚ್ಚು ಕೆಳಗಿಟ್ಟು ಕಾಲಿನಿಂದ ನೆಲ ತಟ್ಟಿ ತೋರಿಸಿದ.

ಆಕ್ಷೇಪಣೆಗೆ 15ನೇ ತಾರೀಖು ಕೊನೆ. ಯಾವ ಪಾಲಿಕೆ, ಯಾವ ವಾರ್ಡ್ ಅಂತ ಇಲ್ಲಿ ಹೇಳಲ್ಲ, ನಮ್ಮ ಬೀದಿಯವರೂ ಇಲ್ಲಿ ಓದ್ತಾರೆ. ಮೊದಲು ಯಾರಾದರೂ ಹಾಕಿದ್ದೀರಾ? ಏನು ಬರೆದರೆ ಓದುತ್ತಾರೆ?

ಕಟ್ಟೆಪುರಾಣ

ಏನು ಬರೆದರೂ ಓದಲ್ಲ. ಬರೀರಿ, ಮನಸ್ಸಿಗೆ ಸಮಾಧಾನ.

ಬಾಡಿಗೆಮನೆ

ಬೇಜಾರು ಮಾಡ್ಕೋಬೇಡಿ, ನಿಜವಾಗಿ ಕೇಳ್ತಿದ್ದೀನಿ. ಗೆರೆ ಎಲ್ಲಿ ಹೋದರೆ ಏನಾಯ್ತು? ಕಾರ್ಪೊರೇಟರೇ ಇಲ್ಲದೆ ಐದು ವರ್ಷ ಕಳೆದೆವಲ್ಲ.

ನಕ್ಷೆಹುಚ್ಚ

@ಬಾಡಿಗೆಮನೆ, ಅದೇ ಕಥೆ ಸ್ವಲ್ಪ ಕೇಳಿ. ಇಷ್ಟು ವರ್ಷ ಕಾರ್ಪೊರೇಟರ್ ಇಲ್ಲದಿರೋದಕ್ಕೆ ಅರ್ಧ ಕಾರಣ ಈ ಗೆರೆಯೇ.

2007ರಲ್ಲಿ ಹಳೆ ಪಾಲಿಕೆಯ 100 ವಾರ್ಡ್, ಸುತ್ತಲಿನ ಏಳು ನಗರಸಭೆ, ಕೆಂಗೇರಿ ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿ ಎಲ್ಲ ಸೇರಿಸಿ ಬಿಬಿಎಂಪಿ ಮಾಡಿದರು. ಗೆರೆ ಎಳೆದು 198 ವಾರ್ಡ್ ಆಗಿ, ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಮತ್ತೆ 2015ರ ಆಗಸ್ಟ್‌ನಲ್ಲಿ. ಅದೇ ಕೊನೆ. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು.

ಸರಿಯಾಗಿ ಆ ಹೊತ್ತಿಗೆ ವಾರ್ಡ್ 243 ಮಾಡ್ತೀವಿ ಅಂದರು. 198ಕ್ಕೇ ಚುನಾವಣೆ ನಡೆಸಿ ಅಂತ 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಎರಡು ವಾರದಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2022ರ ಜುಲೈನಲ್ಲಿ 243ರ ಅಂತಿಮ ಅಧಿಸೂಚನೆ ಬಂತು. ಸರ್ಕಾರ ಬದಲಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಅದೇ ಊರು 225 ವಾರ್ಡ್ ಆಯಿತು. ಈಗ ಬಿಬಿಎಂಪಿಯೇ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ. ಕೇಂದ್ರ 63, ಉತ್ತರ 72, ದಕ್ಷಿಣ 72, ಪೂರ್ವ 50, ಪಶ್ಚಿಮ 111.

ತಮಾಷೆ ಏನು ಗೊತ್ತಾ? 243ಕ್ಕೂ, 225ಕ್ಕೂ, ಈಗಿನ 368ಕ್ಕೂ ತಲೆ ಎಣಿಕೆ ಒಂದೇ, 2011ರ ಜನಗಣತಿ. ಇಡೀ ಬಿಬಿಎಂಪಿಗೆ 84.43 ಲಕ್ಷ ಜನ. 243ಕ್ಕೆ ಹಂಚಿದರೆ ವಾರ್ಡಿಗೆ 34,700 ಚಿಲ್ಲರೆ. 225ಕ್ಕೆ 37,500. 368ಕ್ಕೆ ಸುಮಾರು 23 ಸಾವಿರ. ಹಿಟ್ಟು ಅಷ್ಟೇ, ರೊಟ್ಟಿ ಮಾತ್ರ ಬೇರೆ ಬೇರೆ ಗಾತ್ರ. 2011ರಲ್ಲಿ ಮಹದೇವಪುರದ ಕಡೆ ತೋಟ ಇದ್ದ ಜಾಗದಲ್ಲಿ ಈಗ 20 ಮಹಡಿ ಕಟ್ಟಡ. ಅಲ್ಲಿನವರು ಈ ಲೆಕ್ಕದಲ್ಲಿ ಹುಟ್ಟೇ ಇಲ್ಲ. ಹಳೆ ಪೇಟೆಯಲ್ಲಿ ಮನೆ ಗೋದಾಮಾಗಿ ಜನ ಬಿಟ್ಟುಹೋದ ಬೀದಿಗಳಿವೆ. ಆ ಜನ ಕಾಗದದಲ್ಲಿ ಇನ್ನೂ ಅಲ್ಲೇ ವಾಸ.

ಬಾಡಿಗೆಮನೆ

ಓ. ನಾನು ಬಂದದ್ದು 2016ರಲ್ಲಿ. ಹಾಗಾದರೆ ನಾನೂ ಲೆಕ್ಕದಲ್ಲಿಲ್ಲ.

ನಕ್ಷೆಹುಚ್ಚ

ವೋಟ್ ಇರುತ್ತೆ, ಗೆರೆ ಎಳೆಯುವಾಗ ತಲೆ ಮಾತ್ರ ಇರಲ್ಲ.

ಕರಿಕೋಟು

ನಾನು ವಕೀಲ. ಇಂಥ ಒಂದೆರಡು ಕೇಸಿನಲ್ಲಿ ಹಿರಿಯರ ಹಿಂದೆ ಫೈಲ್ ಹೊತ್ತಿದ್ದೇನೆ. ಕೋರ್ಟಿನ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ, ಮೊದಲೇ ಹೇಳಿಬಿಡುತ್ತೇನೆ.

ಸಂವಿಧಾನದ 243-ಝಡ್‌ಜಿ ವಿಧಿ ಅಂತ ಒಂದಿದೆ. ವಾರ್ಡ್ ವಿಂಗಡಣೆಯ ಕಾನೂನನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಅನ್ನುತ್ತದೆ. ವಿಧಾನಸಭೆ, ಲೋಕಸಭೆಗೆ ಇದೇ ಥರದ್ದು 329ನೇ ವಿಧಿ. ಮಧ್ಯಪ್ರದೇಶದ ಉಜ್ಜಯಿನಿ ಮೀಸಲು ಕ್ಷೇತ್ರ ಆಗಿದ್ದನ್ನು ಪ್ರಶ್ನಿಸಿ ಒಬ್ಬರು ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದರು, ಮೇಘರಾಜ್ ಕೊಠಾರಿ ಪ್ರಕರಣ, 1966ರದ್ದು. ಗೆಜೆಟ್‌ನಲ್ಲಿ ಬಂದ ಮೇಲೆ ಗೆರೆಗೆ ಕಾನೂನಿನ ಬಲ ಬರುತ್ತದೆ, ಅದನ್ನು ಎಳೆದಾಡುತ್ತಾ ಕೂತರೆ ಚುನಾವಣೆಯೇ ನಡೆಯಲ್ಲ ಅಂದರು. ಇವತ್ತಿಗೂ ಸರ್ಕಾರದ ವಕೀಲರು ಮೊದಲು ತೆಗೆಯುವುದೇ ಈ ತೀರ್ಪು.

2024ರಲ್ಲಿ ಗುಜರಾತಿನ ಬಾರ್ಡೋಲಿ ಕ್ಷೇತ್ರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬಾಗಿಲನ್ನು ಸ್ವಲ್ಪ ಓರೆ ಮಾಡಿತು. ಆದೇಶ ತೀರಾ ಮನಬಂದಂತೆ ಇದ್ದರೆ, ಸಂವಿಧಾನದ ಆಶಯಕ್ಕೇ ವಿರುದ್ಧ ಇದ್ದರೆ, ಕೋರ್ಟ್ ಕೈಕಟ್ಟಿ ಕೂರಬೇಕಿಲ್ಲ ಅಂತ. ಒಳ್ಳೆಯ ಮಾತೇ. ಆದರೆ ನಿಮ್ಮ ಬೀದಿ ಎರಡಾಗಿದ್ದು "ತೀರಾ ಮನಬಂದಂತೆ" ಅಂತ ಯಾವ ನ್ಯಾಯಮೂರ್ತಿಯೂ ಒಪ್ಪಲ್ಲ ಮೇಡಂ. ಎಲ್ಲೋ ಒಂದು ಕಡೆ ಗೆರೆ ಬೀಳಲೇಬೇಕಲ್ವಾ.

ಬೆಂಗಳೂರಿನ ಉದಾಹರಣೆಯೇ ಇದೆ. 2022ರಲ್ಲಿ 243ರ ಗೆರೆ ಪ್ರಶ್ನಿಸಿ ಹೋದ ಅರ್ಜಿಗಳನ್ನು ಹೈಕೋರ್ಟ್ ಆ ಸೆಪ್ಟೆಂಬರ್‌ನಲ್ಲೇ ವಜಾ ಮಾಡಿತು. ಅದೇ ತಿಂಗಳ 30ಕ್ಕೆ ಅದೇ ಹೈಕೋರ್ಟ್ ವಾರ್ಡ್ ಮೀಸಲಾತಿ ಪಟ್ಟಿಯನ್ನು ಹರಿದು ಹಾಕಿತು. ಹಿಂದುಳಿದ ವರ್ಗ ಮತ್ತು ಮಹಿಳಾ ಮೀಸಲು ಮತ್ತೆ ಮಾಡಿ ಅಂತ. ಗೆರೆಗೆ ಕೈ ಹಾಕಲಿಲ್ಲ, ಪಟ್ಟಿಗೆ ಹಾಕಿತು. ಕೋರ್ಟಿಗೆ ಬರುವವರು ಈ ವ್ಯತ್ಯಾಸ ನೋಡಿಕೊಂಡು ಬನ್ನಿ.

ಇನ್ನೊಂದು ಮಾತು. ಗೆರೆ ಎಳೆಯುವುದು ಮುಗಿದಿಲ್ಲ ಅಂತ ಚುನಾವಣೆ ಮುಂದೂಡುವಂತಿಲ್ಲ ಅಂತಲೂ ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ಮಧ್ಯಪ್ರದೇಶದ ಕೇಸಿನಲ್ಲಿ ಹೇಳಿದೆ. ಕೌನ್ಸಿಲ್‌ಗೆ ಐದು ವರ್ಷ ಅಂದರೆ ಐದೇ ವರ್ಷ. ಬೆಂಗಳೂರಿಗೆ ಮಾತ್ರ ಆ ಐದರ ಮೇಲೆ ಇನ್ನೈದು ಖಾಲಿ ಹೋಯಿತು.

ಹಾಗಾಗಿ ನಿಮ್ಮ ನಿಜವಾದ ಕೋರ್ಟ್ ಅಂದರೆ ಈ ಹದಿನೈದು ದಿನ. ಆಕ್ಷೇಪಣೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಮುಂದೆ ಕೋರ್ಟಿಗೆ ಹೋದರೂ "ಹೇಳಿದ್ದೆವು, ಪರಿಗಣಿಸಲಿಲ್ಲ" ಅನ್ನಲು ಆ ಮುದ್ರೆ ಬೇಕು.

ಕಟ್ಟೆಪುರಾಣ

ಗೆರೆ ಎಳೆಯೋದು ಕಚೇರಿಯಲ್ಲಿ ಅಂದುಕೊಂಡಿದ್ದೀರಾ? 2022ರಲ್ಲಿ ಕಾಂಗ್ರೆಸ್‌ನವರು ಬಿಜೆಪಿಗೆ ಬೇಕಾದ ಹಾಗೆ ಎಳೆದಿದ್ದಾರೆ ಅಂತ ಕೂಗಿದರು. 2023ರಲ್ಲಿ ಬಿಜೆಪಿಯವರು ಅದೇ ಮಾತನ್ನು ಕಾಂಗ್ರೆಸ್‌ಗೆ ಹೇಳಿದರು. ಹೆಸರು ಬದಲಾಯಿಸಿದ ಕಥೆ ನೆನಪಿದೆಯಾ? 243ರಲ್ಲಿ ಹಳೆ ಊರ ಹೆಸರು ಹೋಗಿ ಛತ್ರಪತಿ ಶಿವಾಜಿ, ಚಾಣಕ್ಯ, ವೀರ ಮದಕರಿ, ರಣಧೀರ ಕಂಠೀರವ ಎಲ್ಲ ಬಂದರು. ನಮ್ಮಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಚಾಣಕ್ಯನಿಗೂ ನಮ್ಮ ಚರಂಡಿಗೂ ಏನಪ್ಪಾ ಸಂಬಂಧ?"

ನಿವೃತ್ತಮೇಷ್ಟ್ರು · 5 ಅಕ್ಟೋಬರ್

ಸಂಪಿಗೆಮರ ಅವರೇ, ನಿಮ್ಮ ಬೀದಿ ಎರಡಾಗಿದ್ದಕ್ಕೆ ನನ್ನಂಥ ಒಬ್ಬ ಮೇಷ್ಟ್ರು ಕಾರಣ ಇರಬಹುದು. ನಗಬೇಡಿ, ನಿಜ.

2011ರಲ್ಲಿ ನಾನು ಗಣತಿದಾರ. ವರ್ಷದ ಹಿಂದೆಯೇ ಮನೆಪಟ್ಟಿ ಆಗಿತ್ತು, ತಲೆ ಎಣಿಸಿದ್ದು ಫೆಬ್ರವರಿ 9ರಿಂದ 28. ಒಬ್ಬ ಗಣತಿದಾರನಿಗೆ ಒಂದು ಗಣತಿ ಬ್ಲಾಕ್. ಬ್ಲಾಕ್ ಅಂದರೆ 120–150 ಮನೆ, 650ರಿಂದ 800 ಜನ. ಕೈಯಲ್ಲೇ ನಕ್ಷೆ ಬರೆಯಬೇಕಿತ್ತು. ರಸ್ತೆ, ದೇವಸ್ಥಾನ, ಬೋರ್‌ವೆಲ್, ಮನೆಗೊಂದು ಚೌಕ, ಒಳಗೆ ನಂಬರ್. ಮೂಲೆಯಿಂದ ಹೊರಟು ಒಂದು ಸುತ್ತು ಹಾಕಿ ವಾಪಸ್ ಮೂಲೆಗೆ. ನಮಗೆ ರಸ್ತೆ ಅಂದರೆ ಬ್ಲಾಕಿನ ಅಂಚು. ಈ ಕಡೆ ಸಾಲು ನನ್ನದು, ಎದುರು ಸಾಲು ಇನ್ನೊಬ್ಬ ಮೇಷ್ಟ್ರದು. ಎದುರು ಮನೆಯವರು ಕರೆದು ಮಜ್ಜಿಗೆ ಕೊಡುತ್ತಿದ್ದರು, ಆದರೆ ಅವರನ್ನು ಬರೆದುಕೊಳ್ಳುವ ಹಾಗಿರಲಿಲ್ಲ.

ವಾರ್ಡ್ ಕಟ್ಟುವವರು ಮನೆ ಎಣಿಸಲ್ಲ. ಈ ಬ್ಲಾಕ್‌ಗಳನ್ನು ಇಟ್ಟಿಗೆ ಥರ ಜೋಡಿಸುತ್ತಾರೆ. ಸರಾಸರಿ ಮುಟ್ಟುವವರೆಗೆ ಒಂದು ಇಟ್ಟಿಗೆ, ಇನ್ನೊಂದು ಇಟ್ಟಿಗೆ. ಎಲ್ಲಿ ಸಂಖ್ಯೆ ಸಾಕಾಯಿತೋ ಅಲ್ಲಿ ವಾರ್ಡ್ ನಿಲ್ಲುತ್ತದೆ. ಇಟ್ಟಿಗೆ ಒಡೆಯುವ ಹಾಗಿಲ್ಲ, ಅದರೊಳಗೆ ಎಷ್ಟು ಜನ ಎಲ್ಲಿದ್ದಾರೆ ಅಂತ ಬಿಡಿಸಿ ಹೇಳುವ ಅಂಕಿ ಅವರ ಕೈಯಲ್ಲಿರಲ್ಲ. ನಿಮ್ಮ 30 ಅಡಿ ರಸ್ತೆ ಎರಡು ಇಟ್ಟಿಗೆಗಳ ನಡುವಿನ ಸಂದು. ಶಾಸಕರೂ ಎಳೆದಿರಬಹುದು, ಕಟ್ಟೆಪುರಾಣ ಹೇಳಿದ್ದನ್ನು ಪೂರ್ತಿ ಅಲ್ಲಗಳೆಯಲ್ಲ. ಆದರೆ ಅವರು ಎಳೆದರೂ ಈ ಸಂದಿನಲ್ಲೇ ಎಳೆಯಬೇಕು.

ಸಂಪಿಗೆಮರ

ಮೇಷ್ಟ್ರೇ, ಇದನ್ನು ಓದಿ ನಮ್ಮ ಯಜಮಾನರಿಗೂ ಓದಿ ಹೇಳಿದೆ. 2011ರಲ್ಲಿ ನಮ್ಮ ಮನೆಗೆ ಬಂದಿದ್ದು ಒಬ್ಬ ಟೀಚರ್, ಬಿಸಿಲಿಗೆ ತಲೆ ಮೇಲೆ ಸೆರಗು ಹೊದ್ದಿದ್ದರು. ಎದುರು ಮನೆಗೆ ಯಾರು ಬಂದಿದ್ದರೋ!

ಸರಿ, ಹಾಗಾದರೆ ಗೆರೆಯನ್ನು ಎರಡು ಬೀದಿ ಆಚೆ ಮೇನ್ ರೋಡಿಗೆ ಸರಿಸಿ ಅಂತ ಬರೆದರೆ ಆಯ್ತಲ್ವಾ?

ನಕ್ಷೆಹುಚ್ಚ

ಅಷ್ಟು ಸುಲಭ ಅಲ್ಲ. ಎರಡು ಬೀದಿ ಅಂದರೆ ಎಷ್ಟು ಬ್ಲಾಕ್? ಆರು ಅಂದುಕೊಳ್ಳಿ, ಮೇಷ್ಟ್ರ ಲೆಕ್ಕದಲ್ಲಿ ನಾಲ್ಕು ಸಾವಿರದ ಮೇಲೆ ಜನ. ಸರಾಸರಿಯೇ 23 ಸಾವಿರ ಇರುವಾಗ ನಾಲ್ಕು ಸಾವಿರ ಆ ಕಡೆ ಹೋದರೆ ಒಂದು ವಾರ್ಡ್ ಊದುತ್ತೆ, ಇನ್ನೊಂದು ಸೊರಗುತ್ತೆ. 2022ರಲ್ಲಿ ಸರಾಸರಿಗಿಂತ ಶೇ. 10 ಆಚೀಚೆ ಆದರೆ ನಡೆಯುತ್ತೆ ಅನ್ನುವ ಲೆಕ್ಕ ಇತ್ತು. ಇದು ಅದನ್ನೂ ದಾಟುತ್ತೆ.

ಬರೀ "ನಮ್ಮ ಬೀದಿ ಒಡೀಬೇಡಿ" ಅಂತ ಬರೆದರೆ ಆ ಕಾಗದ ಮೂರನೇ ಕಟ್ಟಿನ ಕೆಳಗೆ ಹೋಗುತ್ತೆ. ಹೀಗೆ ಬರೀರಿ: ಈ ಬ್ಲಾಕ್‌ಗಳನ್ನು ಈ ವಾರ್ಡಿಗೆ ಸೇರಿಸಿ, ಬದಲಿಗೆ ಈ ಬ್ಲಾಕ್‌ಗಳನ್ನು ಆ ವಾರ್ಡಿಗೆ ಕೊಡಿ, ಎರಡರ ಜನಸಂಖ್ಯೆ ಹೆಚ್ಚು ಕಡಿಮೆ ಹಾಗೇ ಉಳಿಯುತ್ತೆ. ಜೊತೆಗೆ ಒಂದು ನಕ್ಷೆ. ಹಳೆ ಗೆರೆ ಕಪ್ಪು, ನೀವು ಹೇಳುವ ಗೆರೆ ಕೆಂಪು. ಓದುವವನು ಲೆಕ್ಕ ಹಾಕಬೇಕಾಗಿ ಬಂದರೆ ಹಾಕಲ್ಲ, ನೀವೇ ಹಾಕಿಕೊಡಿ. ವಿಧಾನಸಭಾ ಕ್ಷೇತ್ರದ ಗೆರೆ ಮಾತ್ರ ದಾಟಬೇಡಿ. ಒಂದು ವಾರ್ಡ್ ಎರಡು ಕ್ಷೇತ್ರಕ್ಕೆ ಸೇರಿದರೆ ಮತದಾರರ ಪಟ್ಟಿ ಗೋಜಲು.

ಆ ಎರಡು 6ನೇ ಅಡ್ಡರಸ್ತೆ ಇದೆಯಲ್ಲ, ಅದನ್ನು ಮೊದಲ ಸಾಲಿನಲ್ಲೇ ಬರೀರಿ. ಚಕ್ಕುಬಂದಿ ತಪ್ಪು ಅಂದರೆ ಅವರಿಗೂ ಭಯ.

ಸಂಪಿಗೆಮರ · 7 ಅಕ್ಟೋಬರ್

ನಿನ್ನೆ ಸಂಘದ ಮೀಟಿಂಗ್ ಆಯ್ತು. ಕರಡು ಹೀಗೆ ಸಿದ್ಧವಾಗಿದೆ: ನಮ್ಮ ಬಡಾವಣೆ ಪೂರ್ತಿ ಮೇನ್ ರೋಡ್‌ವರೆಗೆ ಒಂದೇ ವಾರ್ಡ್. ಬದಲಿಗೆ ಕಾಲುವೆಯ ಆ ಬದಿಯ ಕಾಲೊನಿಯ ಅರ್ಧ ಭಾಗವನ್ನು ಪಕ್ಕದ ವಾರ್ಡಿಗೆ ಕೊಡುವುದು. ಸಂಖ್ಯೆ ಸರಿಹೋಗುತ್ತೆ. ಹೇಗಿದೆ?

ಮೂಲೆಮನೆ

ಒಳ್ಳೇದಾಯ್ತು. ನಮ್ಮ ಕಡೆಯೂ ಇದೇ ಗೋಳು. ಸುಮ್ನೆ ಹೇಳ್ತೀನಿ, ಕಾಲೊನಿ ಜೊತೆ ಸೇರಿಸಿದರೆ ವಾರ್ಡ್ ಮೀಸಲಾಗಿಬಿಡುತ್ತೆ. ಆಮೇಲೆ ನಮ್ಮ ಪಾರ್ಕು ಗೀರ್ಕು ಯಾರು ಕೇಳ್ತಾರೆ?

ಕಾಲುವೆಯಾಚೆ

ನಾನು ಅಂಥದ್ದೇ ಒಂದು ಕಾಲೊನಿಯವನು. ನಿಮ್ಮ ಕಾಲುವೆಯದ್ದಲ್ಲ, ಬೇರೆ ಕಾಲುವೆಯದ್ದು. ಎರಡೂ ಒಂದೇ.

ಮೂಲೆಮನೆ ಅವರೇ, ನಿಮ್ಮ ಪಾರ್ಕು ಗುಡಿಸುವವರು ಕಾಲೊನಿಯಿಂದಲೇ ಬರ್ತಾರೆ. ಗುಡಿಸೋಕೆ ಆಗುತ್ತೆ, ಗೆದ್ದು ಬಂದರೆ ಆಗಲ್ವಾ?

ಸಂಪಿಗೆಮರ ಅವರಿಗೆ ಒಂದು ಮಾತು, ಕೋಪದಿಂದ ಅಲ್ಲ. ಪರಿಶಿಷ್ಟ ಜಾತಿಗೆ ವಾರ್ಡ್ ಮೀಸಲಿಡೋದು ಹೇಗೆ ಗೊತ್ತಾ? ಯಾವ ವಾರ್ಡ್‌ನಲ್ಲಿ ಪರಿಶಿಷ್ಟರ ಪ್ರಮಾಣ ಹೆಚ್ಚೋ ಅಲ್ಲಿಂದ ಇಳಿಕೆ ಕ್ರಮದಲ್ಲಿ ಪಟ್ಟಿ ಮಾಡ್ತಾರೆ. ಕಾಲೊನಿ ಇಡಿಯಾಗಿ ಒಂದೇ ವಾರ್ಡ್‌ನಲ್ಲಿದ್ದರೆ ಆ ಪಟ್ಟಿಯಲ್ಲಿ ಮೇಲೆ ಬರಬಹುದು. ಎರಡು ಹೋಳಾದರೆ ಎರಡೂ ಕಡೆ ನಾವು ಚೂರು. ಎರಡು ಕಡೆಯೂ ನಮ್ಮ ಓಟು ಬೇಕು, ನಾವು ಬೇಡ. ನಿಮ್ಮ ಬೀದಿ ಎರಡಾದರೆ ನಿಮಗೆ ಕಿರಿಕಿರಿ. ನಮ್ಮ ಕಾಲೊನಿ ಎರಡಾದರೆ ನಮ್ಮವನೊಬ್ಬ ಕೌನ್ಸಿಲ್‌ನಲ್ಲಿ ಕೂರುವ ಅವಕಾಶವೇ ಹೋಯ್ತು.

ನೀವು ಗೆರೆಯನ್ನು ನಿಮ್ಮ ಗೇಟಿನಿಂದ ಎತ್ತಿ ತಂದು ನಮ್ಮ ನಲ್ಲಿಕಟ್ಟೆ ಮೇಲೆ ಇಟ್ಟಿದ್ದೀರಿ ಅಷ್ಟೇ.

ಮೂಲೆಮನೆ

ನಾನು ಜಾತಿ ಅರ್ಥದಲ್ಲಿ ಹೇಳಿದ್ದಲ್ಲ.

ಕಾಲುವೆಯಾಚೆ

ಮತ್ತೆ ಯಾವ ಅರ್ಥದಲ್ಲಿ?

ನಿವೃತ್ತಮೇಷ್ಟ್ರು

ಕಾಲುವೆಯಾಚೆ ಹೇಳಿದ್ದು ಸರಿ. ಕರಡಿನಲ್ಲಿ ಪ್ರತಿ ವಾರ್ಡಿನ ಮುಂದೆ ಒಟ್ಟು ಜನಸಂಖ್ಯೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಸಂಖ್ಯೆ ಇದ್ದರೆ ನಾವೆಲ್ಲ ಮೊದಲನೆಯದನ್ನು ಮಾತ್ರ ಓದುತ್ತೇವೆ. ಮುಂದಿನ ಜಗಳ ಪೂರ್ತಿ ಉಳಿದ ಎರಡರಲ್ಲಿದೆ.

ಸಂಪಿಗೆಮರ · 8 ಅಕ್ಟೋಬರ್

ನಿನ್ನೆಯಿಡೀ ಉತ್ತರ ಬರೆಯಲು ಆಗಲಿಲ್ಲ. ಸಂಖ್ಯೆ ಕೂಡಿಸಿ ಕಳೆದು ನೋಡುವಾಗ ಆ ಬ್ಲಾಕ್‌ಗಳಲ್ಲಿ ಯಾರಿದ್ದಾರೆ ಅಂತ ನಾವು ಯೋಚಿಸಲೇ ಇಲ್ಲ. ಮೀಟಿಂಗ್‌ನಲ್ಲಿ 19 ಜನ ಇದ್ದೆವು, ಒಬ್ಬರೂ ಆ ಕಡೆಯವರಲ್ಲ.

ಸಂಜೆ ಚಪ್ಪಡಿ ದಾಟಿ ಹೋದೆ. ಇಪ್ಪತ್ತು ವರ್ಷದಲ್ಲಿ ಎರಡೋ ಮೂರೋ ಸಲ ಹೋಗಿದ್ದೇನೆ ಅಷ್ಟೇ. ಅಂಬೇಡ್ಕರ್ ಪ್ರತಿಮೆ ಹತ್ತಿರ ಕೆಲವರು ಹುಡುಗರು ಅದೇ ಕರಡಿನ ಪ್ರಿಂಟ್ ಹಿಡಿದು ಕೂತಿದ್ದರು! ಅವರಿಗೂ ಚಿಂತೆ ಇತ್ತು, ಬೇರೆ ಥರದ್ದು. ಕರಡಿನಲ್ಲೇ ಅವರ ಕೊನೆಯ ಎರಡು ಸಾಲು ಆಚೆ ವಾರ್ಡಿಗೆ ಹೋಗಿವೆ. ಕಾಲುವೆ ಎಲ್ಲಿ ತಿರುಗುತ್ತೆ ಅನ್ನುವ ಅದೇ ಗೊಂದಲದಿಂದ.

ಈಗ ಇಬ್ಬರೂ ಸೇರಿ ಒಂದೇ ಆಕ್ಷೇಪಣೆ ಬರೀತಿದ್ದೇವೆ. ಕಾಲೊನಿ ಇಡಿಯಾಗಿ ಉಳಿಯಬೇಕು, ಇದು ಮೊದಲ ಬೇಡಿಕೆ. ನಮ್ಮ ಬೀದಿ ಎರಡನೆಯದು. ಬದಲಿಗೆ ಕೊಡುವುದು ಪಾರ್ಕಿನ ಆಚೆಯ ಅಪಾರ್ಟ್‌ಮೆಂಟ್ ಸಾಲು. ಅವರನ್ನೂ ಕೇಳಿದ್ದೇವೆ. ಅಲ್ಲಿನ ಅಧ್ಯಕ್ಷರು, "ಯಾವ ವಾರ್ಡ್ ಆದರೂ ಕಾವೇರಿ ನೀರು ಬರುತ್ತಾ?" ಅಂದರು.

ಕಾಲುವೆಯಾಚೆ

ಹೋಗಿ ಬಂದಿದ್ದಕ್ಕೆ ಥ್ಯಾಂಕ್ಸ್ ಅಕ್ಕ.

ಫ್ರೀಮಾಂಟ್‌ಕನ್ನಡತಿ

ಬನಶಂಕರಿಯಲ್ಲಿ ಬೆಳೆದು ಈಗ ಕ್ಯಾಲಿಫೋರ್ನಿಯಾದಲ್ಲಿರುವವಳು. ಇಲ್ಲಿಯೂ ಹತ್ತು ವರ್ಷಕ್ಕೊಮ್ಮೆ, ಜನಗಣತಿ ಆದ ಕೂಡಲೇ, ಸಿಟಿ ಕೌನ್ಸಿಲ್ ಜಿಲ್ಲೆಗಳ (ನಮ್ಮ ವಾರ್ಡ್ ಇದ್ದ ಹಾಗೆ) ಗೆರೆ ಬದಲಾಗುತ್ತದೆ. 2019ರಲ್ಲಿ ಬಂದ ರಾಜ್ಯದ ಕಾನೂನು ಕಡಿಮೆ ಅಂದರೂ ನಾಲ್ಕು ಸಾರ್ವಜನಿಕ ಸಭೆ ಆಗಲೇಬೇಕು ಅಂದಿತ್ತು. ಒಂದೇ ನೆರೆಹೊರೆಯವರನ್ನು, ಒಂದೇ ಕಷ್ಟಸುಖದ ಸಮುದಾಯವನ್ನು ಆದಷ್ಟೂ ಒಡೆಯಬಾರದು ಅಂತ ಕಾನೂನಿನಲ್ಲೇ ಇದೆ. ಪಕ್ಷಕ್ಕೆ ಅನುಕೂಲ ಆಗುವಂತೆ ಎಳೆಯಬಾರದು ಅಂತಲೂ ಇದೆ. ಜನ ತಾವೇ ನಕ್ಷೆ ಬರೆದು ಕೊಡಬಹುದು.

ಹಾಗಂತ ಇಲ್ಲೇನು ರಾಮರಾಜ್ಯ ಅಲ್ಲ. ಲಾಸ್ ಏಂಜಲೀಸ್‌ನಲ್ಲಿ ಕೌನ್ಸಿಲ್ ಸದಸ್ಯರು ಬಾಗಿಲು ಹಾಕಿಕೊಂಡು ಗೆರೆ ಬಗ್ಗೆ ಮಾತಾಡಿದ್ದು, ಬೇರೆ ಜನಾಂಗದವರನ್ನು ಹೀಯಾಳಿಸಿದ್ದು ರೆಕಾರ್ಡ್ ಆಗಿ 2022ರ ಅಕ್ಟೋಬರ್‌ನಲ್ಲಿ ಹೊರಬಿತ್ತು. ಕೌನ್ಸಿಲ್ ಅಧ್ಯಕ್ಷೆ ರಾಜೀನಾಮೆ ಕೊಟ್ಟರು. ಎರಡು ವರ್ಷ ಬಿಟ್ಟು ಜನ ವೋಟ್ ಹಾಕಿ ಗೆರೆ ಎಳೆಯುವ ಕೆಲಸವನ್ನು ಕೌನ್ಸಿಲ್ ಕೈಯಿಂದ ಕಿತ್ತು ಸ್ವತಂತ್ರ ಆಯೋಗಕ್ಕೆ ಕೊಟ್ಟರು. ಬಾಸ್ಟನ್‌ನಲ್ಲಿ 2023ರಲ್ಲಿ ನಿವಾಸಿಗಳು ಕೋರ್ಟಿಗೆ ಹೋಗಿ ಕೌನ್ಸಿಲ್ ನಕ್ಷೆಯನ್ನೇ ತಡೆದರು, ಕೌನ್ಸಿಲ್ ಹೊಸದು ಬರೆಯಬೇಕಾಯಿತು.

ಕರಿಕೋಟು

ಅಲ್ಲಿನ ಜಡ್ಜ್‌ಗೆ 243-ಝಡ್‌ಜಿ ಇಲ್ಲ, ಅದೇ ಅದೃಷ್ಟ.

ಕಟ್ಟೆಪುರಾಣ

ಜನ ನಕ್ಷೆ ಬರೆದುಕೊಡಬಹುದಾ! ನಮ್ಮಲ್ಲಿ ಬರೆದು ಕೊಟ್ಟರೆ ಅದರಲ್ಲೇ ಬೋಂಡ ಕಟ್ಟಿ ಕೊಡ್ತಾರೆ.

ಹುಬ್ಬಳ್ಳಿಹುಡುಗ

ಬೆಂಗಳೂರಿನವರಷ್ಟೇ ಅಲ್ಲ ರೀ, ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೂ 67 ಇದ್ದದ್ದು 82 ಆಗಿ 2021ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ನಡೆಯಿತು. ಅಲ್ಲಿವರೆಗೆ ಎಷ್ಟೋ ದಿನ ಪಾಲಿಕೆಯಲ್ಲಿ ಅಧಿಕಾರಿಗಳದ್ದೇ ದರ್ಬಾರು.

ನನ್ನ ಸಲಹೆ ಒಂದೇ. ಗೆರೆ ಮುಗಿದ ಮೇಲೆ ಮಲಗಿಬಿಡಬೇಡಿ. ವಿಧಾನಸಭೆಯ ಮತದಾರರ ಪಟ್ಟಿಯನ್ನು ವಾರ್ಡ್‌ವಾರು ಹರಿದು ಹಂಚುವಾಗಲೇ ಜಾಸ್ತಿ ಎಡವಟ್ಟು. ನಮ್ಮ ಸಂಬಂಧಿಕರ ಊರೊಂದರಲ್ಲಿ, ಹೆಸರು ಬೇಡ, ಕಾಕಾ ಒಂದು ವಾರ್ಡ್‌ನಲ್ಲಿ, ಕಾಕು ಇನ್ನೊಂದರಲ್ಲಿ. ಒಂದೇ ಮನೆ, ಒಂದೇ ಒಲೆ! ಕಾಕು ವೋಟ್ ಹಾಕಲು ಎರಡು ಕಿಲೋಮೀಟರ್ ನಡೆದು ಹೋಗಿ, ಬಂದು, ಕಾಕಾನಿಗೆ ಚಾ ಮಾಡಲಿಲ್ಲ ಆ ದಿನ.

ಬಾಡಿಗೆಮನೆ

ಹಾಗಾದರೆ ಬೀದಿ ನಡುವೆ ಗೆರೆ ಹೋದ ಕಡೆ ಇದು ಇನ್ನೂ ಜಾಸ್ತಿ ಆಗುತ್ತಲ್ವಾ?

ಹುಬ್ಬಳ್ಳಿಹುಡುಗ

ಹೌದು ಮತ್ತ.

ಸಂಪಿಗೆಮರ · 14 ಅಕ್ಟೋಬರ್

ಕೊಟ್ಟು ಬಂದೆವು. ಆನ್‌ಲೈನ್‌ನಲ್ಲೂ ಹಾಕಿ, ಕಾಗದವನ್ನೂ ಕೈಯಾರೆ ಕೊಟ್ಟೆವು. ನಾಲ್ಕು ಪುಟ, ಒಂದು ನಕ್ಷೆ, 212 ಸಹಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲೊನಿಯದ್ದು. ಟೇಬಲ್ ಮೇಲೆ ಕಟ್ಟು ಕಟ್ಟು ಅರ್ಜಿ. ಗುಮಾಸ್ತರು ನಮ್ಮ ನಕ್ಷೆ ಬಿಡಿಸಿ, ಕೆಂಪು ಗೆರೆ ಮೇಲೆ ಬೆರಳಾಡಿಸಿ, "ಇದು ಯಾರು ಬರೆದದ್ದು?" ಅಂದರು. ನಮ್ಮ ಜೊತೆ ಬಂದಿದ್ದ ಕಾಲೊನಿ ಹುಡುಗ, ಡಿಪ್ಲೊಮಾ ಸಿವಿಲ್ ಓದ್ತಿದ್ದಾನೆ, ಕೈ ಎತ್ತಿದ. ಅವರು ಏನೂ ಹೇಳಲಿಲ್ಲ, ಆದರೆ ಮಡಚುವಾಗ ಮೊದಲಿದ್ದ ಮಡಿಕೆಯಲ್ಲೇ ಮಡಚಿದರು. ಮುದ್ರೆ ಹಾಕಿಸಿಕೊಂಡೆವು.

ಕರಿಕೋಟು

ಮುದ್ರೆಯ ಫೋಟೊ ತೆಗೆದಿಡಿ. ಆ ಶಾಯಿ ಆರು ತಿಂಗಳಲ್ಲಿ ಮಾಸುತ್ತೆ.

ನಕ್ಷೆಹುಚ್ಚ · 21 ನವೆಂಬರ್

ಅಂತಿಮ ಅಧಿಸೂಚನೆ ಬಂತು. 368 ಹೋಗಿ 369. ಪಶ್ಚಿಮಕ್ಕೆ ಒಂದು ಸೇರಿ 112, ಉಳಿದ ನಾಲ್ಕರದ್ದು ಹಾಗೇ ಇದೆ. ಎಲ್ಲರೂ ನಿಮ್ಮ ನಿಮ್ಮ ಚಕ್ಕುಬಂದಿ ಮತ್ತೆ ಓದಿ. ಸಂಖ್ಯೆ ಹಾಗೇ ಇದ್ದ ಮಾತ್ರಕ್ಕೆ ಗೆರೆ ಹಾಗೇ ಇದೆ ಅಂತ ಅಲ್ಲ. ಸಂಪಿಗೆಮರ, ನಿಮ್ಮದೇನಾಯ್ತು?

ಸಂಪಿಗೆಮರ · 22 ನವೆಂಬರ್

ನಿನ್ನೆಯೇ ನೋಡಿದೆ, ಎರಡು ಸಲ ಓದಿದೆ. ಕಾಲೊನಿಯ ಆ ಎರಡು ಸಾಲು ವಾಪಸ್ ಬಂದಿವೆ, ಕಾಲೊನಿ ಈಗ ಒಂದೇ ವಾರ್ಡ್‌ನಲ್ಲಿದೆ. ಕಾಲುವೆಯ ತಿರುವು ಸರಿ ಮಾಡಿದ್ದಾರೆ. "6ನೇ ಅಡ್ಡರಸ್ತೆ (ಹಳೆಯದು)" ಅಂತ ಸ್ಪಷ್ಟ ಬರೆದಿದ್ದಾರೆ.

ನಮ್ಮ ಬೀದಿ ಮಾತ್ರ ಹಾಗೇ ಇದೆ. ನಾವು ಬೆಸ, ಎದುರಿನವರು ಸಮ. ಸಂಘದಲ್ಲಿ ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅವರ ಕೆಲಸ ಮಾಡಿಸಿಕೊಟ್ಟು ನಮ್ಮದು ಬಿಟ್ಟೆ ಅಂತ. ಕಾಲೊನಿಯ ಹುಡುಗ ನಿನ್ನೆ ರಾತ್ರಿ ಫೋನ್ ಮಾಡಿದ್ದ. ಮೀಸಲಾತಿ ಪಟ್ಟಿ ಬಂದ ದಿನ ಒಟ್ಟಿಗೆ ಕೂತು ನೋಡೋಣ ಅಂದ.

ಕಟ್ಟೆಪುರಾಣ

ಓದಿದ್ದಾರೆ ಅಂತಾಯ್ತು. ನಾನು ಬಾಜಿ ಸೋತೆ, ಅರ್ಧ.

ನಿವೃತ್ತಮೇಷ್ಟ್ರು

ನಿಮ್ಮ ಬೀದಿಗೆ ಇನ್ನೊಂದು ದಾರಿ ಇದೆ, ಸ್ವಲ್ಪ ನಿಧಾನದ್ದು. ಮುಂದಿನ ಜನಗಣತಿಯ ಮನೆಪಟ್ಟಿ ಕೆಲಸ 2026ರ ಏಪ್ರಿಲ್‌ನಿಂದ ಶುರು, ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ. ಊರ ಗಡಿಗಳನ್ನೆಲ್ಲ ಈ ಡಿಸೆಂಬರ್ 31ಕ್ಕೆ ಸ್ಥಗಿತ ಮಾಡುತ್ತಾರೆ, ಆಮೇಲೆ ಹೊಸ ಬ್ಲಾಕ್‌ಗಳು. ಮುಂದೆ ಯಾವತ್ತೋ 369 ಹೋಗಿ ಇನ್ನೇನೋ ಆಗುವಾಗ ಇಟ್ಟಿಗೆ ಅವೇ. ಗಣತಿದಾರರು ಬಂದಾಗ ಅವರ ಬ್ಲಾಕ್ ಎಲ್ಲಿ ಮುಗಿಯುತ್ತೆ ಅಂತ ಕೇಳಿ. ಬದಲಾಯಿಸುವುದು ಅವರ ಕೈಯಲ್ಲಿ ಇಲ್ಲದೆ ಇರಬಹುದು, ಆದರೂ ಕೇಳಿ. ಯಾರಾದರೂ ಕೇಳಿದರೆ ನಾವು ಮೇಲಿನವರಿಗೆ ಒಂದು ಸಾಲು ಬರೆಯುತ್ತಿದ್ದೆವು.

ಸಂಪಿಗೆಮರ

ಏಪ್ರಿಲ್ ಅಂದರೆ ಬಿಸಿಲು. ಈ ಸಲ ಎದುರು ಮನೆಗೆ ಬಂದವರನ್ನೂ ಕರೆದು ನಮ್ಮ ಮರದ ಕೆಳಗೇ ಕೂರಿಸ್ತೀನಿ. ಮಜ್ಜಿಗೆ ನಮ್ಮನೆಯದ್ದು.